ಹೆಚ್ಚಿಗೆ ತುಂಬಿಸಿದ ಇಂಧನ

ಅತ್ತೆಯವರಿಗೆ ನಮಸ್ಕಾರ.

ನಿಮ್ಮ ಮಗಳು ಹೆಣ್ಣು ಹೆತ್ತಳು. ಇಬ್ಬರೂ ಚೆನ್ನಾಗಿದ್ದಾರೆ.

ಮೊನ್ನೆ ಅವಳ ಹೆರಿಗೆಗೆಂದು ಇಲ್ಲಿಗೆ ಹೊರಟು ವಿಮಾನದಲ್ಲಿ ಕೂತಿದ್ದ ನಿಮಗೆ, ಅಷ್ಟು ಜನರೆದುರು, “ವಿಮಾನಕ್ಕೆ ಭಾರ ಹೆಚ್ಚಾಯ್ತು ಅತ್ತೆ, ನೀವು ಇಳೀರಿ” ಎಂದೆ. “ಓಡಿಸೋನು ನೀನು, ನಿನಗೆ ಗೊತ್ತಿರತ್ತಪ್ಪ” ಎಂದು, ಕೂಸಿಗೆ ಹೊಲಿದ ಬಟ್ಟೆಗಳನ್ನು ನನ್ನ ಕೈಗಿಟ್ಟು ಇಳಿದಿರಿ.

ದೂರದ ಮೋಡಕ್ಕೆ ಹೆದರಿ, ಸುತ್ತಿ ಹೋಗಬೇಕಾದೀತೆಂದು ಬೇಕಾದ್ದಕ್ಕಿಂತ ಹೆಚ್ಚು ಇಂಧನ ತುಂಬಿಸಿದ್ದೆ. ಭಾರವಾದದ್ದು ಅದು. ಮೋಡ ದಾರಿಗೆ ಬರಲೇ ಇಲ್ಲ. ಇಲ್ಲಿ ಇಳಿದಾಗ, ಇರಲೇಬೇಕಾದ ಮೀಸಲು ಬಿಟ್ಟು, ಹೆಚ್ಚುಕಡಿಮೆ ನಿಮ್ಮ ತೂಕದಷ್ಟು ಟ್ಯಾಂಕಿನಲ್ಲಿ ಉಳಿದಿತ್ತು.

ಈ ಪತ್ರ ತಂದ ಪೈಲಟ್ ಜೊತೆಯಲ್ಲೇ ಬನ್ನಿ. ನಿಮಗೆ ಸೀಟು ಇಡಿಸಿದ್ದೇನೆ.

ಇನ್ನೊಂದು. ನೋವಿನ ನಡುವೆ ಅವಳು “ಅಮ್ಮ ಎಲ್ಲಿ?” ಎಂದಳು. “ಹಾರೋಕೆ ಹೆದರಿ ಇಳಿದುಬಿಟ್ರು” ಎಂದುಬಿಟ್ಟೆ. ನೀವು ಬಂದ ಕೂಡಲೇ ಅವಳು ನಿಮಗೆ ಧೈರ್ಯ ಹೇಳಲು ಕೂರುತ್ತಾಳೆ. ನಾನು ಅವಳಿಗೆ ನಿಜ ಬಾಯಿಬಿಡುವವರೆಗೆ ಅದನ್ನು ನನ್ನ ಬದಲು ಕೇಳಿಸಿಕೊಳ್ಳಿ.

ನಿಮ್ಮ ಅಳಿಯ