ಕಿವಿಗೊಟ್ಟು ಕೂತದ್ದು

ಮಗಳೇ,

ಸೊಂಟನೋವಿಗೆಂದು ನೀನು ಕಳಿಸಿದ್ದ ಕರೆಂಟ್ ಮೆಷಿನ್ನನ್ನು ವಾಪಸ್ ಕಳಿಸಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ನೋವೇನೋ ಇಳಿಯಿತು, ಆದರೆ ಪಟ್ಟಿ ಅಂಟಿಸಿಕೊಂಡಾಗಲೆಲ್ಲ ಕಣ್ಣು ಕತ್ತಲಿಡುತ್ತಿತ್ತು. ನನ್ನೆದೆಯ ಪೇಸ್‌ಮೇಕರ್ ನಮ್ಮಿಬ್ಬರಿಗೂ ನೆನಪಾಗಿರಲಿಲ್ಲ.

ಡಾಕ್ಟರ ಹತ್ತಿರ ಹೋದೆ. "ಮೆಷಿನ್ನಿನ ಮಿಡಿತಾನೇ ಹೃದಯದ ಬಡಿತ ಅಂದ್ಕೊಂಡು ಪೇಸ್‌ಮೇಕರ್ ಸುಮ್ನಾಗ್ಬಿಟ್ಟಿದೆ. ನಮ್ಮನ್ನ ಕೇಳ್ದೆ ಇಂಥದ್ದೇನೂ ಹಚ್ಕೋಬೇಡೀಮ್ಮ" ಅಂದರು.

ನಾನು ಬೆರಗಾಗಿ ಕೂತುಬಿಟ್ಟೆ. ಇಷ್ಟು ವರ್ಷ ಅದು ಒಂದೊಂದು ಬಡಿತಕ್ಕೂ ಕಿವಿಗೊಟ್ಟು, ಹೃದಯ ಮರೆತಾಗ ಮಾತ್ರ ಮೆಲ್ಲಗೆ ತಟ್ಟುತ್ತಿತ್ತಂತೆ! ಸೂಲಗಿತ್ತಿಯಾಗಿದ್ದಾಗ ನಾನೂ ಬಸುರಿಯರ ಹೊಟ್ಟೆಗೆ ಕಿವಿಯಿಟ್ಟು, ಒಳಗಿನ ಪುಟ್ಟ ಬಡಿತ ಕೇಳಿಸಲೆಂದು "ಸದ್ದು ಮಾಡ್ಬೇಡ್ರೇ!" ಅಂತ ಕೋಣೆಗೆಲ್ಲ ಗದರುತ್ತಿದ್ದೆ. ಈಗ ಇದರ ಕಿವಿಯ ಬಳಿಯೇ ಗಲಾಟೆ ಎಬ್ಬಿಸಿದವಳು ನಾನೇ.

ಬಿಸಿನೀರಿನ ಚೀಲವೊಂದನ್ನು ಕಳಿಸು. ಅದಾದರೆ ಸದ್ದು ಮಾಡುವುದಿಲ್ಲ.

ಇಂತಿ,
ನಿನ್ನ ಅಮ್ಮ