ಅಮಡಿಂಡಾದ ಎದುರುಬದಿ

ಆಗಸ್ಟ್ ೧೪, ಬುಧವಾರ

ಮಗಳು ನಬುಕೆನ್ಯಾ ಕಂಪಾಲದ ಸಂಗೀತ ಕಾಲೇಜಿಗೆ ಹೋಗಬೇಕೋ ಬೇಡವೋ, ನಾಳೆ ಹೇಳಬೇಕು. ಮರದ ಪಟ್ಟಿಗಳ ನಮ್ಮ ಅಮಡಿಂಡಾವನ್ನು ಒಬ್ಬರೇ ನುಡಿಸುವುದಿಲ್ಲ. ಎದುರುಬದುರು ಕೂತು, ಒಬ್ಬರ ಪೆಟ್ಟುಗಳ ನಡುವೆ ಇನ್ನೊಬ್ಬರು ಹೊಡೆದರೇ ಹಾಡು. ಹೆಂಗಸು ನುಡಿಸುವುದುಂಟೇ ಎಂದು ಜನ ನಕ್ಕರೂ ನನ್ನೆದುರು ಹೆಂಡತಿ ನಲುಲೆ ಕೂರುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಮಗಳು.

ಸಂಜೆ ಮಟೋಕೆ ಬಾಳೆಕಾಯಿ ಸುಲಿಯುತ್ತಾ ಅಂದಳು, "ಅಲ್ಲಿ ಎರಡೂ ಬದಿ ಒಬ್ರೇ ನುಡಿಸಿ ಕಂಪ್ಯೂಟರ್‌ನಲ್ಲಿ ಸೇರಿಸೋದು ಕಲಿಸ್ತಾರಂತೆ, ಅಪ್ಪಾ."

"ಹಂಗಾದ್ರೆ ನಾನ್ಯಾಕೆ?"

"ತಾಳ ತಪ್ಪಿದ್ರೆ ಕಂಪ್ಯೂಟರ್ ಬೈಯಲ್ವಲ್ಲ, ಅದಕ್ಕೆ!"

ನಕ್ಕೆ, ಆದರೆ ಲೆಕ್ಕ ಹಾಕುತ್ತಲೇ ಇದ್ದೇನೆ. ಕಾಲೇಜು ಕೆಟ್ಟದಾದರೆ ಅವಳ ವರ್ಷಗಳು ಹಾಳು. ಒಳ್ಳೆಯದಾದರೆ ಅವಳಿಗೆ ಎದುರು ಯಾರೂ ಬೇಕಾಗುವುದಿಲ್ಲ. ನನಗೆ ಕಾಲೇಜಿನಲ್ಲಿ ಇಂಗ್ಲಿಷ್ ವ್ಯಾಕರಣದ ಫ್ಯೂಚರ್ ಪರ್ಫೆಕ್ಟ್ ಎಂದೇನೋ ಕಲಿಸಿದ್ದರು, ಈಗ ಫ್ಯೂಚರ್ ಮಾತ್ರ ನೆನಪಿದೆ.

ಬೆಳಿಗ್ಗೆ ಮಗಳಿಗೆ ‘ಹೋಗು’ ಅನ್ನುತ್ತೇನೆ. ಆಮೇಲೆ ನಿನ್ನ ಬದಿಯ ಕೋಲುಗಳನ್ನು ಎಲ್ಲಿಡಲಿ, ನಲುಲೆ?