ಅಣ್ಣ ಸೈಕಲ್ಲಿನಿಂದ ಬಿದ್ದಿರಲಿಲ್ಲ

ಅಮ್ಮಣ್ಣೀ,

ನಿನ್ನ ಗಂಡ ಎಂಟು ಗಂಟೆಯ ಮಾತ್ರೆ ನುಂಗಿದ್ದಾನೆ. ಗಂಜಿ ಬಿಸಿಯಿದೆ, ಎಡಗೈಯಲ್ಲಿ ತಾನೇ ತಿನ್ನಲಿ, ಚೆಲ್ಲಿದರೂ ಗದರಬೇಡ.

ನಾನು ಆಸ್ಪತ್ರೆಗೆ ಹೊರಟಿದ್ದೇನೆ. ನನ್ನ ಮಗನಿಗೆ ಸ್ಟ್ರೋಕ್ ಆದ ದಿನ ಡಾಕ್ಟರು, “ಮನೆತನದಲ್ಲಿ ಯಾರಿಗಾದ್ರೂ ಚಿಕ್ಕ ವಯಸ್ಸಲ್ಲೇ ಹೀಗಾಗಿತ್ತಾ ಅಮ್ಮಾ? ಜೀನಿನಿಂದಲೂ ಬರಬಹುದು” ಎಂದು ಕೇಳಿದ್ದರು. ನಿನ್ನೆದುರೇ ಇಲ್ಲವೆಂದೆ. ಅದು ಸುಳ್ಳು. ನನ್ನ ಅಣ್ಣನ ಕೈ ಬಿದ್ದುಹೋದದ್ದು ಸೈಕಲ್ಲಿನಿಂದ ಬಿದ್ದಲ್ಲ. ಮೂವತ್ತಕ್ಕೇ ಅವನಿಗೂ ಮೆದುಳಿನ ರಕ್ತನಾಳ ಕಟ್ಟಿಕೊಂಡಿತ್ತು. ನಮ್ಮ ಮದುವೆಗಳಿಗೆ ಅಡ್ಡಿಯಾದೀತೆಂದು ಅಪ್ಪ ಸೈಕಲ್ಲಿನ ಕಥೆ ಕಟ್ಟಿದರು. ಐವತ್ತು ವರ್ಷ ಹೇಳಿ ಹೇಳಿ, ಅಂದೂ ನನ್ನ ಬಾಯಿಗೆ ನಿಜ ಬರಲಿಲ್ಲ.

ನೋಡಲು ಬಂದವರೆದುರೆಲ್ಲ ನೀನು, “ನನ್ನ ಅಡುಗೇಲಿ ಉಪ್ಪು ಜಾಸ್ತಿ, ನಾನೇ ಹೀಗ್ ಮಾಡ್ಬಿಟ್ಟೆ” ಎಂದು ಅಳುತ್ತಿದ್ದೆ. ನಾನು ಪಕ್ಕದಲ್ಲೇ ಕೂತು ಕೇಳಿಸಿಕೊಂಡೆ. ಆ ಅಳುವಿನ ನಡುವೆಯೂ ನೀನು ನನಗೆ ಬಿಸಿ ತಡೆಯದೆಂದು ಹಾಲು ಆರಿಸಿ ಕೊಡುತ್ತಿದ್ದೆ. ನಾನು ಅದನ್ನೂ ಕುಡಿದೆ.

ನಿನ್ನ ಉಪ್ಪಿಗಿಂತ ನನ್ನ ತವರಿನ ರಕ್ತದ ಪಾಲೇ ಹೆಚ್ಚಿದ್ದೀತು. ಇಂದು ಡಾಕ್ಟರಿಗೆ ಎಲ್ಲ ಹೇಳಿ, ಪರೀಕ್ಷೆಗೆ ರಕ್ತ ಕೊಟ್ಟು ಬರುತ್ತೇನೆ. ಅವರು ಮೊಮ್ಮಗಳನ್ನೂ ಕರೆತನ್ನಿ ಎಂದರೆ ತಡಮಾಡುವುದು ಬೇಡ.

ಮುಖ ನೋಡಿ ಹೇಳುವ ಧೈರ್ಯವಾಗಲಿಲ್ಲ, ಬರೆದೆ. ಸಂಜೆ ನಿನ್ನ ತವರಿನವರು ಬಂದರೆ ನೀನು ಸುಮ್ಮನಿರು. ಅವರಿಗೆ ನಾನೇ ಹೇಳುತ್ತೇನೆ.

ಅತ್ತೆ